ಗೆರೆಯಿಲ್ಲದ ಹೆಬ್ಬೆರಳು

ಬಾಂಗ್ ಮಾಲ್‌ಸುನ್‌ಗೆ ಒಂಬತ್ತನೆಯ ವಯಸ್ಸಿನಲ್ಲಿ ದಡಾರ ಬಂದು ಎರಡು ಕಣ್ಣೂ ಹೋದವು. ಕುರುಡರ ಶಾಲೆಯಲ್ಲಿ ಮಾಲೀಸು ಕಲಿತು ಸರ್ಕಾರದ ಲೈಸೆನ್ಸ್ ಪಡೆದಳು. ನಮ್ಮ ಕೊರಿಯಾದಲ್ಲಿ ಆ ಲೈಸೆನ್ಸ್ ಕಣ್ಣು ಕಾಣದವರಿಗೆ ಮಾತ್ರ. ಕುನ್ಸಾನ್ ಬಂದರಿನ ಮೀನು ಮಾರುಕಟ್ಟೆಯ ಹಿಂದೆ ಮೂರು ಮಂಚದ ಮಾಲೀಸು ಅಂಗಡಿ ಇಟ್ಟಳು. ನನ್ನ ಗಂಡ ಸಮುದ್ರದಿಂದ ಹಿಂದಿರುಗದ ವರ್ಷ ನಾನು ಅಲ್ಲಿ ಟವೆಲ್ಲು ಒಗೆಯುವ ಕೆಲಸಕ್ಕೆ ಸೇರಿದೆ.

ಒಮ್ಮೆ ಕೇಳಿದೆ, "ನಂಗೂ ಒಂಚೂರು ಮಾಲೀಸು ಹೇಳ್ಕೊಡೇ."

"ಅಕ್ಕಾ, ನಿಂಗೆ ಕಣ್ಣಿದೆ. ಮೀನು ಮಾರು, ಬಸ್ಸು ಓಡ್ಸು, ಬೇಕಾದ್ರೆ ಮಂತ್ರಿಯಾಗು. ನಂಗಿರೋದು ಇದೊಂದೇ. ಇದಕ್ಕೆ ಕೈ ಹಾಕ್ಬೇಡ."

ಎರಡು ದಿನ ನಾನು ಅವಳ ಜೊತೆ ಮಾತಾಡಲಿಲ್ಲ. ಆಮೇಲೆ ಎಂದೂ ಕೇಳಲೂ ಇಲ್ಲ.

ಒಂದು ಶರತ್ಕಾಲದಲ್ಲಿ ಕು ಎಂಬ ಸಾಹುಕಾರ ಪೇರ್‌ಹಣ್ಣಿನ ಡಬ್ಬಿ ಹಿಡಿದು ಬಂದ. ಬಂದರಿನ ಆಚೆ ದಡದಲ್ಲಿ ದೊಡ್ಡ ಮಾಲೀಸು ಅಂಗಡಿ ತೆರೆದಿದ್ದ.

"ನಿಮ್ಮ ಲೈಸೆನ್ಸ್ ನಮ್ಮ ಗೋಡೇಲಿರ್ಲಿ ಅಮ್ಮಾ. ಕೆಲಸ ನಮ್ಮ ಹುಡುಗೀರು ಮಾಡ್ತಾರೆ. ನೀವು ಮನೇಲಿ ಕೂತು ಸಂಬಳ ತಗೊಳ್ಳಿ."

"ಆ ಹುಡುಗೀರಿಗೆ ಕಣ್ಣು ಕಾಣುತ್ತಾ?"

"ಚೆನ್ನಾಗಿ ಕಾಣುತ್ತೆ."

"ಹಾಗಾದ್ರೆ ಈ ಡಬ್ಬೀನ ಅವರ ಹತ್ರಾನೇ ಇಡಿ. ಇಲ್ಲಿಟ್ರೆ ನಾನು ಎಡವಿ ಬೀಳ್ತೀನಿ."

ಹತ್ತು ದಿನಕ್ಕೆ ಲೈಸೆನ್ಸ್ ಕಚೇರಿಯಿಂದ ತಾಕ್ ಎಂಬ ತರುಣ ಅಧಿಕಾರಿ ತಪಾಸಣೆಗೆ ಬಂದ. ಮೀನು ಮಾರುವ ಯೊಮ್ ಮಂಚದ ಮೇಲೆ ಬೋರಲು ಮಲಗಿದ್ದಳು. ಅವಳ ಸೊಂಟ ಅರ್ಧ ಒತ್ತಿ ಮಾಲ್‌ಸುನ್ ಪಕ್ಕಕ್ಕೆ ಸರಿದಿದ್ದಳು, ನಾನು ಬೆನ್ನಿಗೆ ಬಿಸಿ ಟವೆಲ್ಲು ಹಾಸುತ್ತಿದ್ದೆ.

"ಕಣ್ಣು ಕಾಣೋರು ಇಲ್ಲಿ ಮಾಲೀಸು ಮಾಡ್ತಾರೆ ಅಂತ ದೂರು ಬಂದಿದೆ. ಈಗ ನಾನೇ ನೋಡ್ದೆ," ಎಂದ.

ಯೊಮ್ ತಲೆ ಎತ್ತದೆಯೇ ಹೇಳಿದಳು, "ನನ್ನ ಸೊಂಟ ಒತ್ತೋದು ಮಾಲ್‌ಸುನ್. ಇವಳು ಮೀನಿಗೆ ಐಸು ಸುರಿದ ಹಾಗೆ ಟವೆಲ್ಲು ಎಸೀತಾಳೆ, ಅಷ್ಟೇ."

"ಬೋರಲು ಮಲಗಿರೋರಿಗೆ ಯಾರ ಕೈ ಅಂತ ಹೇಗೆ ಗೊತ್ತಾಗುತ್ತೆ?"

ಅವನು ಹೇಳಿಕೆ ಬರೆದು ಮುಗಿಸಿದ. ನಾನು ಅಕ್ಷರ ಕೂಡಿಸಿಕೊಂಡು ಅದನ್ನು ಮಾಲ್‌ಸುನ್‌ಗೆ ಓದಿ ಹೇಳಿದೆ. ಸಹಾಯಕಿ ಮಾಲೀಸು ಮಾಡುತ್ತಿದ್ದುದನ್ನು ಮಾಲೀಕಳು ಒಪ್ಪಿದ್ದಾಳೆ ಎಂದಿತ್ತು. ಅದಕ್ಕೆ ಹೆಬ್ಬೆಟ್ಟು ಒತ್ತಿದರೆ ಅಂಗಡಿಯ ನೋಂದಣಿ ರದ್ದಾಗುತ್ತಿತ್ತು.

ಮಾಲ್‌ಸುನ್ ಹೇಳಿದಳು, "ಆ ಸಾಲು ಹೊಡೆದು ಹಾಕಿ, ಸಾಹೇಬ್ರೇ."

"ನಿಯಮ ಅಂತ ಒಂದಿದೆ, ಅಮ್ಮಾ."

"ಆ ನಿಯಮಾನ ನೀವು ಹುಟ್ಟೋಕೆ ಮುಂಚೆ ಚುಕ್ಕಿ ಅಕ್ಷರದಲ್ಲಿ ಓದಿದೀನಿ. ಟವೆಲ್ಲು ಅನ್ನೋ ಮಾತು ಅದ್ರಲ್ಲಿ ಎಲ್ಲಿದೆ, ತೋರ್ಸಿ. ನಾನು ಮುಟ್ಟಿ ನೋಡ್ತೀನಿ."

ಅವನು ನಿಯಮದ ಪುಸ್ತಕ ತಿರುವಿ ನೋಡಿದ. ಸಾಲು ಹೊಡೆದು "ಒಪ್ಪಿಲ್ಲ" ಎಂದು ಬರೆದು ಕೆಂಪು ಶಾಯಿಯ ಡಬ್ಬಿ ಮುಂದಿಟ್ಟ. ಮಾಲ್‌ಸುನ್ ಹೆಬ್ಬೆಟ್ಟು ಒತ್ತಿದಳು. ಗೆರೆಯೇ ಮೂಡಲಿಲ್ಲ, ಬರೀ ಕೆಂಪು ಕಲೆ. ಇನ್ನೊಮ್ಮೆ ಒತ್ತಿಸಿದ, ಮತ್ತೆ ಅದೇ ಕಲೆ.

"ಸರಿಯಾಗಿ ಒತ್ತಿ, ಅಮ್ಮಾ."

"ಮೂವತ್ತಾರು ವರ್ಷ ಊರಿನ ಬೆನ್ನೆಲ್ಲ ಸರಿಯಾಗೇ ಒತ್ತಿದೀನಿ. ಅದಕ್ಕೇ ಗೆರೆ ಉಳಿದಿಲ್ಲ. ಅಕ್ಕನ ಬೆರಳೂ ಒತ್ತಿಸ್ಕೊಳ್ಳಿ, ಪಕ್ಕದಲ್ಲೇ."

ಒತ್ತಿದೆ. ಬಾಚಿದ ಕೂದಲಿನ ಹಾಗೆ ಒಂದೊಂದು ಗೆರೆಯೂ ಎದ್ದು ಬಂತು. ತಾಕ್ ಎರಡೂ ಗುರುತುಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೇಳದೆಯೇ ಅವಳ ಕೈ ಹಿಡಿದು ಹೆಬ್ಬೆರಳ ಗೆಣ್ಣು ತಡವಿದ. ಅದು ಹಿಂದಕ್ಕೆ ಬಾಗಿ ಚೆಸ್ಟ್‌ನಟ್ ಕಾಯಿಯ ಹಾಗೆ ಗುಂಡಗೆ ದಪ್ಪವಾಗಿತ್ತು.

"ದೂರಿಗೆ ಆಧಾರವಿಲ್ಲ" ಎಂದು ಬರೆದು ಶಾಯಿಯ ಡಬ್ಬಿಗೆ ಕೈ ಹಾಕಿದ.

"ಮುಚ್ಬೇಡಿ," ಎಂದಳು ಮಾಲ್‌ಸುನ್. "ಆಚೆ ದಡದಲ್ಲಿ ಕು ಸಾಹುಕಾರ್ರ ಅಂಗಡಿ ಇದೆ. ಅಲ್ಲಿ ಮಾಲೀಸು ಮಾಡೋ ಕಣ್ಣಿರೋ ಹುಡುಗೀರ ಬೆರಳೆಲ್ಲ ಒತ್ತಿಸಿ ನೋಡಿ."

"ದೂರಿಲ್ದೆ ನಾನು ಹೋಗೋಕಾಗಲ್ಲ."

"ಹೊಸ ಹಾಳೆ ತೆಗೀರಿ. ದೂರು ಕೊಡೋಳು ನಾನೇ. ಅಕ್ಕಾ, ಅವರು ಏನು ಬರೀತಾರೋ ಓದ್ತಾ ಇರು."

ಅವನು ಬರೆದ, ನಾನು ಓದಿದೆ. ಕೊನೆಯಲ್ಲಿ ಅವಳು ಮೂರನೆಯ ಕೆಂಪು ಕಲೆ ಒತ್ತಿದಳು. ಈ ಸಲ ಅವನು ಇನ್ನೊಮ್ಮೆ ಒತ್ತಿ ಎನ್ನಲಿಲ್ಲ. ಮಾಲ್‌ಸುನ್ ಬೆರಳೊರೆಸಿಕೊಂಡು, ಅರ್ಧಕ್ಕೆ ಬಿಟ್ಟಿದ್ದ ಯೊಮ್‌ಳ ಸೊಂಟಕ್ಕೆ ತಿರುಗಿದಳು.