ಕ್ಯಾಸೆಟ್ಟಿನ ಮೊದಲ ಎರಡು ನಿಮಿಷ

ಟೈಪಿಸ್ಟಮ್ಮ ನಮ್ಮ ದಾಖಲೆ ಕಚೇರಿಯ ಹಿಂಬದಿ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೂತರು. ಹೆಡ್‌ಫೋನ್ ಹಾಕಿಕೊಂಡರೆಂದರೆ ಮುಗಿಯಿತು, ನಾನು ಹೋಗಿ ಭುಜ ಅಲುಗಿಸದಿದ್ದರೆ ಊಟದ ಹೊತ್ತೂ ಗೊತ್ತಾಗುತ್ತಿರಲಿಲ್ಲ. ಅಲ್ಲಿನ ಕಪಾಟುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು.

ಕಪಾಟಿನ ತುಂಬ ಯುದ್ಧದ ಇತಿಹಾಸ ಬರೆದು ತೀರಿಕೊಂಡ ಒಬ್ಬ ಪ್ರೊಫೆಸರರ ಕಾಗದಪತ್ರ. ಸೈನಿಕರನ್ನು ಮತ್ತೆ ರಣರಂಗಕ್ಕೆ ಕರೆದೊಯ್ದು, ಅಂದು ನಿಂತಿದ್ದ ಜಾಗದಲ್ಲೇ ನಿಲ್ಲಿಸಿ ಮಾತಾಡಿಸಿದವರು ಅವರು. ನಾನೂರ ಹನ್ನೊಂದು ಕ್ಯಾಸೆಟ್. ಎಲ್ಲವನ್ನೂ ಕೇಳಿ ಟೈಪ್ ಮಾಡುವುದು ಟೈಪಿಸ್ಟಮ್ಮನ ಕೆಲಸ. ಅದೇ ಯುದ್ಧದಲ್ಲಿ ಅವರ ಗಂಡ ಕಾಣೆಯಾಗಿದ್ದ. ಮದುವೆಯಾಗಿ ಬರೀ ಮೂರು ತಿಂಗಳಾಗಿತ್ತು. ಯಾರದಾದರೂ ಬಾಯಲ್ಲಿ ಅವನ ಹೆಸರು ಬಂದೀತೆಂದೇ ಆ ಕುರ್ಚಿಗೆ ಅಂಟಿಕೊಂಡಿದ್ದರು. ಬಡ್ತಿ ಕೊಟ್ಟರೂ ಒಲ್ಲೆನೆಂದರು. ಮನೆಯಲ್ಲಿ ಮಾತಾಡಲು ಇನ್ನೊಂದು ಜೀವವಿರಲಿಲ್ಲ. ಕ್ಯಾಸೆಟ್ಟಿನೊಳಗಿನ ಗಂಡಸರೇ ನೆಂಟರಿಷ್ಟರು.

ಕೊನೆಯ ಕ್ಯಾಸೆಟ್ಟೂ ಮುಗಿಯಿತು. ಹೆಸರು ಬರಲಿಲ್ಲ. “ಹೋಗ್ಲಿ ಬಿಡಿ,” ಎಂದರು, ನನ್ನ ಕಡೆ ತಿರುಗದೆ.

ಮರುವರ್ಷ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕಲು ತಂತ್ರಜ್ಞನೊಬ್ಬ ಬಂದ. ಅವನು ಪ್ರತಿಯೊಂದನ್ನೂ ಮೊದಲಿನಿಂದ ಓಡಿಸಿದ. ನಾವು ಹಾಗೆ ಮಾಡಿರಲಿಲ್ಲ. ದನಿ ಸರಿಯಾಗಿ ಬೀಳುತ್ತದೆಯೇ ಎಂದು ನೋಡಲು ಪ್ರೊಫೆಸರು ಮೊದಲು “ಬೆಳಿಗ್ಗೆ ಏನು ತಿಂದ್ರಿ?” ಎಂದು ಕೇಳುತ್ತಿದ್ದರು. ಆ ಹರಟೆ ಬೇಡ, ಎರಡು ನಿಮಿಷ ಬಿಟ್ಟು ಟೈಪ್ ಮಾಡಿ ಎಂದು ಅವರೇ ಚೀಟಿ ಬರೆದಿಟ್ಟಿದ್ದರು. ಟೈಪಿಸ್ಟಮ್ಮ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರು.

ನೂರ ಮೂವತ್ತಾರನೆಯ ಕ್ಯಾಸೆಟ್. ಸ್ಪೀಕರಿನಲ್ಲಿ ಸೈನಿಕನೊಬ್ಬ ಹೇಳುತ್ತಿದ್ದ: “ಏನೂ ತಿಂದಿಲ್ಲ ಸಾರ್. ಇಲ್ಲಿಗೆ ಬಂದ್ರೆ ಗಂಟಲಲ್ಲಿ ಇಳಿಯಲ್ಲ. ಈ ಬಂಡೆ ಹತ್ರಾನೇ ಅವನು ನನ್ನ ತೊಡೆ ಮೇಲೆ ಪ್ರಾಣ ಬಿಟ್ಟ.” ಆಮೇಲೆ ಟೈಪಿಸ್ಟಮ್ಮನ ಗಂಡನ ಹೆಸರು, ಊರಿನ ಸಮೇತ. “ಹೆಂಡ್ತಿಗೆ ಒಂದು ಮಾತು ಹೇಳು ಅಂದಿದ್ದ. ಆಯಮ್ಮ ಎಲ್ಲಿದಾರೆ ಅಂತ ನಿಮಗೇನಾದ್ರೂ ಗೊತ್ತಾ ಸಾರ್?”

“ಅದನ್ನ ಆಮೇಲೆ ನೋಡೋಣ. ದನಿ ಚೆನ್ನಾಗಿ ಬರ್ತಿದೆ, ಶುರು ಮಾಡೋಣ,” ಎಂದರು ಪ್ರೊಫೆಸರು. ಮುಂದೆ ಮುಕ್ಕಾಲು ಗಂಟೆ ಬಂಡೆಯ ಎತ್ತರ, ಶತ್ರುಗಳ ಲೆಕ್ಕ. ಆ ಮಾತು ಮತ್ತೆ ಬರಲೇ ಇಲ್ಲ.

ಸತ್ತವರನ್ನು ಬೈಯಬಾರದಂತೆ. ನಾನು ಆ ಮನುಷ್ಯನನ್ನು ಇವತ್ತಿಗೂ ಬೈಯುತ್ತೇನೆ.

ಆ ಕ್ಯಾಸೆಟ್ಟಿನ ಫೈಲು ತೆಗೆದೆ. ಒಳಗೆ ಸೈನಿಕನ ಕಾಗದವಿತ್ತು, ಟೈಪಿಸ್ಟಮ್ಮನಿಗೇ ಬರೆದದ್ದು. ಸರಿಯಾಗಿ ಕೇಳಿಸದ ಎರಡು ಪದ ಯಾವುವೆಂದು ಹದಿನಾಲ್ಕು ವರ್ಷದ ಹಿಂದೆ ಇವರು ವಿಚಾರಿಸಿದ್ದರು. ಕಚೇರಿಯ ಪದ್ಧತಿಯಂತೆ ತಮ್ಮ ಹೆಸರು ಹಾಕದೆ, ‘ಟೈಪಿಸ್ಟ್’ ಎಂದಷ್ಟೇ. ಅವನು ಆ ಎರಡು ಪದ ಬರೆದು ನಮಸ್ಕಾರ ತಿಳಿಸಿದ್ದ.

ಆ ವಿಳಾಸದ ಜಾಡು ಹಿಡಿದು ಅವನ ಮಗಳಿಗೆ ಫೋನ್ ಮಾಡಿದೆ. “ಅಪ್ಪ ಹೋಗಿ ಆರು ವರ್ಷ ಆಯ್ತು,” ಎಂದಳು. “ಯುದ್ಧದ ವಿಷಯ ಮನೇಲಿ ತುಟಿ ಬಿಚ್ತಿರ್ಲಿಲ್ಲ.”

ಟೈಪಿಸ್ಟಮ್ಮನನ್ನು ಕರೆಸಿ ಎಲ್ಲ ಹೇಳಿ, ಆ ಎರಡು ನಿಮಿಷ ಕೇಳಿಸಿದೆ. ಅವರು ಅಳಲಿಲ್ಲ. ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಚ್ಚಿದರು. ಆಯಮ್ಮ ಎಲ್ಲಿದಾರೆ ಎಂದು ಸೈನಿಕ ಮತ್ತೆ ಕೇಳಿದ. ಅವರು ಸ್ಪೀಕರಿನ ಹತ್ತಿರ ಬಾಗಿ, “ಇಲ್ಲೇ ಇದ್ದೀನಪ್ಪ, ಹೇಳು,” ಎಂದರು.

“ಅದನ್ನ ಆಮೇಲೆ ನೋಡೋಣ,” ಎಂದರು ಪ್ರೊಫೆಸರು.