ಕೂಗುವ ಬ್ರೇಕು ಮತ್ತು ನಮ್ಮ ಮನೆಯ ಚಹಾ

ಗೆಳೆಯರೇ, ನನ್ನ ವ್ಯಾನಿನ ಬ್ರೇಕು ಕಿಂವ್ ಎಂದು ಕೂಗುವುದು ನಮ್ಮೂರು ಹಿರೇವಡ್ಡಟ್ಟಿಗೆಲ್ಲ ಗೊತ್ತು. ಓಣಿಯ ತಿರುವಿನಲ್ಲಿ ಅದು ಕೂಗಿದರೆ ಸಾಕು, ನನ್ನ ಹೆಂಡತಿ ಚಹಾಕ್ಕೆ ಇಡುತ್ತಾಳೆ. ಅಂಥ ವಜನು, ಅಂಥ ಮರ್ಯಾದೆ ನಮ್ಮದು!

ಇವತ್ತು ಹೊಳೆ ದಂಡೆಯ ಹಮ್ಮಿಗಿಗೆ, ಅಕ್ಕನ ಮನೆಗೆ ಹೊರಟವನು ಗಾಳಿ ಹಾಕಿಸಲು ಮುಂಡರಗಿಯಲ್ಲಿ ನಿಂತೆ. ಕೂಗು ಕೇಳಿ ಗ್ಯಾರೇಜಿನ ಮಿಸ್ತ್ರಿ ಇಮಾಮಸಾಬ ಓಡಿ ಬಂದ.

"ಕಾಕಾ, ಮುಂದಿನ ಗಾಲಿ ಬಿಚ್ಚಿ ನೋಡಬೇಕ್ರಿ."

"ಹಮ್ಮಿಗಿ ಅಕ್ಕನ ಮನಿಗೆ ಹೊಂಟೇನಿ. ಮುಂದಿನದಕ್ಕ ಏನಾಕ್ಕೈತಿ ಲೇ? ನಮ್ಮದು ಹಿಂದಿನ ಗಾಲಿ ದೂಡೋ ಗಾಡಿ. ಗಾಲಿ ಸಂದ್ಯಾಗ ಬಗ್ಗಿ ನಾನ ನೋಡೇನಿ, ಬ್ರೇಕ್ ಪ್ಯಾಡು ರೊಟ್ಟಿಗಿಂತ ದಪ್ಪ ಐತಿ!"

ಬಿಚ್ಚಿದ. ಹೊರಗಿನ ಪ್ಯಾಡು ದಪ್ಪಗೇ ಇತ್ತು. ಒಳಗಿನದು ಪೂರ್ತಿ ಸವೆದು, ಬರೀ ಕಬ್ಬಿಣ ಡಿಸ್ಕನ್ನು ಕೆರೆಯುತ್ತಿತ್ತು.

"ದೂಡೂದು ಹಿಂದಿನವು, ನಿಲ್ಲಸೂದು ಮುಂದಿನವ್ರಿ ಕಾಕಾ. ಇದು ಕೂಗೂದಲ್ಲ, ಅಳೂದು. ಹೊಳಿ ಇಳಕಲಿನಾಗ ಅಕ್ಕಾರ ಮನಿ ದಾಟಿ ಸೀದಾ ನೀರಿಗೇ ಹೋಗ್ತಿದ್ರಿ!"

ಅಲ್ಲೇ ಹೊಸ ಪ್ಯಾಡು ಹಾಕಿಸಿದೆ. ಅಕ್ಕನನ್ನು ನೋಡಿಕೊಂಡು ಸಂಜೆ ಮನೆ ಮುಟ್ಟಿದರೆ ಗಾಡಿ ತುಟಿ ಪಿಟಕ್ಕೆನ್ನದೆ ನಿಂತಿತು. ಕಟ್ಟೆಯ ಮೇಲೆ ಕೂತು ಅರ್ಧ ತಾಸಾಯಿತು. ನಾನು ಬಂದ ಖಬರು ಒಳಗೆ ಇನ್ನೂ ಯಾರಿಗೂ ಇಲ್ಲ.