ಎಲ್ಲ ಅಂಗಡಿಯವರಿಗೂ ಬೇಕಾದವಳು

ನನ್ನ ಓರಗಿತ್ತಿ ಬೇಲೂರಿನ ಯಾವ ಅಂಗಡಿಯ ಮೆಟ್ಟಿಲು ಹತ್ತಿದರೂ ಅಲ್ಲಿ ಒಂದು ಸ್ಟೂಲು ಹುಟ್ಟಿಕೊಳ್ಳುತ್ತದೆ. ನಾನು ಹತ್ತಿದರೆ ಹುಟ್ಟುವುದಿಲ್ಲ. ಇಬ್ಬರೂ ಒಂದೇ ಮನೆಯ ಸೊಸೆಯರು, ನಮ್ಮೂರು ಹಗರೆಯಿಂದ ಒಂದೇ ಬಸ್ಸಿನಲ್ಲಿ ಪೇಟೆಗೆ ಬರುವವರು, ಒಂದೇ ತೆಂಗಿನ ತೋಟದ ದುಡ್ಡು ಖರ್ಚು ಮಾಡುವವರು. ಅವಳು ನಮ್ಮ ಭಾವನವರ ಹೆಂಡತಿ, ನನಗಿಂತ ಸ್ವಲ್ಪ ದೊಡ್ಡವಳು. ವಯಸ್ಸಿಗೆ ಮರ್ಯಾದೆ ಕೊಡುತ್ತಾರೆ ಅಷ್ಟೇ ಎಂದು ನಮ್ಮೆಜಮಾನರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ಬಸ್ ಸ್ಟ್ಯಾಂಡಿನ ಹಣ್ಣಿನವಳು ಅವಳಿಗೆ ಮೇಲೆ ಜೋಡಿಸಿಟ್ಟ ಹಣ್ಣು ಬಿಟ್ಟು ಒಳಗಿನಿಂದ ಆರಿಸಿ ಕೊಡುತ್ತಾಳೆ. ದಿನಸಿ ಅಂಗಡಿಯವನು, "ಅಕ್ಕಾ, ಈ ತೊಗರಿಬೇಳೆ ಬ್ಯಾಡ, ಬೇಯಾಕಿಲ್ಲ. ಮುಂದಿನ ವಾರ ಹೊಸದು ಬತ್ತೈತೆ" ಅನ್ನುತ್ತಾನೆ. ಅದೇ ಮನುಷ್ಯ ಅದೇ ಬೇಳೆಯನ್ನು ನನಗೆ ತೂಗಿ ಕೊಟ್ಟಿದ್ದಾನೆ. ಬೇಯಲಿಲ್ಲ. ಹಳೇಬೀಡಿನಲ್ಲಿ ದೇವಸ್ಥಾನದ ಹೊರಗೆ ಪ್ರವಾಸಿಗರ ಬೆನ್ನು ಹತ್ತಿ ಟೋಪಿ ಮಾರುವವರು ಕೂಡ ಅವಳನ್ನು ಕಂಡರೆ ವ್ಯಾಪಾರ ಬಿಟ್ಟು, "ಚೆನ್ನಾಗಿದ್ದೀರಾ ಅಕ್ಕ?" ಎಂದು ಕೇಳುತ್ತಾರೆ. ನನಗೆ ಟೋಪಿ ತೋರಿಸುತ್ತಾರೆ.

ನನಗೆ ಹೊಟ್ಟೆಕಿಚ್ಚು. ಇದಕ್ಕೆ ಬೇರೆ ನಾಜೂಕಾದ ಮಾತು ಹುಡುಕುವುದಿಲ್ಲ. ಅವಳ ಒಡವೆ ನನಗೆ ಬೇಡ, ಅವಳ ಬಣ್ಣ ಬೇಡ. ಆ ಸ್ಟೂಲು ಬೇಕು. ಅದಕ್ಕಿಂತ ಹೆಚ್ಚಾಗಿ "ಇದು ಬೇಡ ಅಕ್ಕ" ಅನ್ನುವ ಆ ಒಂದು ಮಾತು ಬೇಕು. ಅಂಗಡಿಯವನು ಗಿರಾಕಿಗೆ ಮಾಡುವ ದೊಡ್ಡ ಉಪಚಾರ ಕಾಫಿಯಲ್ಲ, ತಂಪು ನೀರಲ್ಲ. ತನ್ನ ಅಂಗಡಿಯ ಮಾಲನ್ನು ತಾನೇ ಬೇಡ ಅನ್ನುವುದು. ನನಗೆ ಮಾತ್ರ ಕೈ ತೋರಿಸಿದ್ದನ್ನೆಲ್ಲ ಕಟ್ಟಿ ಕೊಡುತ್ತಾರೆ.

ಅವಳೇನು ಮಾಡುತ್ತಾಳೆಂದು ಕದ್ದು ನೋಡಿದ್ದೇನೆ. ಒಳಗೆ ಹೋದವಳೇ ಬೇಕಾದ್ದನ್ನು ಕೇಳುವುದಿಲ್ಲ. "ತಿಂಡಿ ಆಯ್ತಾ? ಅಮ್ಮನ ಮಂಡಿನೋವು ಹೆಂಗೈತೆ?" ಎಂದು ಶುರುಮಾಡುತ್ತಾಳೆ. ಇಷ್ಟೇ ತಾನೇ ಎಂದುಕೊಂಡು ಒಂದು ದಿನ ನಾನೂ ಒಬ್ಬಳೇ ಹೋಗಿ, "ತಿಂಡಿ ಆಯ್ತಾ?" ಎಂದು ಕೇಳಿದೆ. ದಿನಸಿಯವನು ನನ್ನನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿ, "ಏನ್ ಬೇಕಿತ್ತು?" ಅಂದ. ಸಾಸಿವೆ ತೆಗೆದುಕೊಂಡು ಬಂದೆ.

ಬೇಲೂರಲ್ಲಿ ಈಗ ಏಸಿ ಹಾಕಿದ ಬಟ್ಟೆ ಅಂಗಡಿಯೂ ಬಂದಿದೆ. ಬಾಗಿಲಲ್ಲಿ ಒಬ್ಬ ಹುಡುಗಿ ಎಲ್ಲರಿಗೂ ಕೈಮುಗಿದು "ಬನ್ನಿ ಮೇಡಂ" ಅನ್ನುತ್ತಾಳೆ. ನನಗೂ ಅಂದಳು, ನನ್ನ ಹಿಂದೆ ಬಂದವಳಿಗೂ ಅಂದಳು. ಎಲ್ಲರಿಗೂ ಸಿಗುವ ನಮಸ್ಕಾರ ಕಟ್ಟಿಕೊಂಡು ನನಗೇನಾಗಬೇಕು?

ಹೋದ ವರ್ಷ ನನ್ನ ಮಗಳ ಮದುವೆ ಗೊತ್ತಾಯಿತು. ನಮ್ಮಲ್ಲಿ ಧಾರೆ ಸೀರೆ ಹೆಣ್ಣಿನ ಮನೆಯವರದೇ. ಅದನ್ನು ಬೇಲೂರಿನಲ್ಲಿ ಕೊಳ್ಳಬಾರದು ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ನನ್ನ ತವರು ಹಾರನಹಳ್ಳಿ. ಅರಸೀಕೆರೆಯಲ್ಲಿ ನಮ್ಮಪ್ಪ ಮನೆಮಂದಿಗೆಲ್ಲ ಜವಳಿ ತರುತ್ತಿದ್ದ ಹಳೆಯ ಅಂಗಡಿ ಇದೆ. ನನ್ನ ಧಾರೆ ಸೀರೆಯೂ ಅಲ್ಲಿಯದೇ. ಆ ಅಂಗಡಿಯವರದೊಂದು ಪದ್ಧತಿ: ಧಾರೆ ಸೀರೆಯನ್ನು ಹಾಗೇ ಚೀಲಕ್ಕೆ ಹಾಕಿ ಕೊಡುವುದಿಲ್ಲ. ತಟ್ಟೆಯಲ್ಲಿ ಅರಿಶಿನ, ಕುಂಕುಮ, ವೀಳ್ಯದೆಲೆ ಜೊತೆಗಿಟ್ಟು, ಅಂಗಡಿಯ ಯಜಮಾನರೇ ಎದ್ದು ನಿಂತು ಮದುಮಗಳ ತಾಯಿಯ ಕೈಗೆ ಕೊಡುತ್ತಾರೆ. ತಾಯಿ ಸೀರೆಯ ಮೂಲೆಗೆ ಅರಿಶಿನ ಹಚ್ಚುತ್ತಾಳೆ. ಹಚ್ಚಿದ ಮೇಲೆ ಆ ಸೀರೆ ಮತ್ತೆ ಅಂಗಡಿಯ ಬೀರು ಹತ್ತುವ ಹಾಗಿಲ್ಲ. ನಮ್ಮಮ್ಮ ಹಚ್ಚಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆ ತಟ್ಟೆ ನನ್ನ ಕೈಗೆ ಬರುವುದನ್ನು ಓರಗಿತ್ತಿ ನೋಡಬೇಕಿತ್ತು. ಅದಕ್ಕೇ ಮಗಳ ಜೊತೆ ಅವಳನ್ನೂ ಬಲವಂತ ಮಾಡಿ ಕರೆದುಕೊಂಡು ಹೋದೆ.

ಯಜಮಾನರು ಈಗ ಮುದುಕರು, ಆದರೂ ಗಾದಿಯ ಮೇಲೆ ಅದೇ ಜಾಗದಲ್ಲಿ ಕೂತಿದ್ದರು. "ನಾವು ಹಾರನಹಳ್ಳಿಯವರು" ಅಂದೆ. "ಸಂತೋಷ, ಬನ್ನಿ" ಅಂದರು. ಅಪ್ಪನ ಗುರುತು ಹೇಳಿದೆ, ಮನೆ ದೇವಸ್ಥಾನದ ಹಿಂದಿನ ಬೀದಿ ಅಂದೆ. "ಹಾರನಹಳ್ಳಿಯಿಂದ ಬಹಳ ಜನ ಬರ್ತಾರಮ್ಮ" ಎಂದು ಕನ್ನಡಕ ಒರೆಸಿಕೊಂಡರು. ಓರಗಿತ್ತಿಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಅವಳು ಅಷ್ಟರಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಸೀರೆ ಬಿಡಿಸುತ್ತಿದ್ದ ಕೆಲಸದವನಿಗೆ ಹೇಳುತ್ತಿದ್ದಳು: "ಎಲ್ಲಾ ಕೆಡವಬ್ಯಾಡ ಕಣಪ್ಪ, ಆಮ್ಯಾಕೆ ಮಡಿಸಾಕೆ ನಾವಿರಲ್ಲ, ನೀನೇ ಮಡಿಸ್ಬೇಕು." ಅವನು ನಕ್ಕ. ಯಜಮಾನರೂ ನಕ್ಕರು. ನೋಡನೋಡುತ್ತಿದ್ದಂತೆ ಕಾಫಿ ಬಂತು, ಮೊದಲ ಲೋಟ ಅವಳಿಗೆ. ನಾನು ಒಂದು ಮೆರೂನ್ ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು ಚೆನ್ನಾಗಿದೆ ಅನ್ನುತ್ತಿದ್ದೆ. ಯಜಮಾನರು ಅವಳ ಕಡೆ ತಿರುಗಿ, "ಅದು ಬೇಡಿ ತಾಯಿ, ಜರಿ ಹಗುರ. ಒಳಗಿಂದ ಬೇರೆ ತರಿಸ್ತೀನಿ" ಅಂದರು. ನನ್ನ ತೊಡೆಯ ಮೇಲಿನ ಸೀರೆಯ ಬಗ್ಗೆ ಅವಳಿಗೆ ಹೇಳಿದರು.

ನನ್ನ ತವರಿನ ಅಂಗಡಿಯಲ್ಲೂ ಅವಳೇ! ಮೈಯೆಲ್ಲ ಉರಿದುಹೋಯಿತು.

ಒಳಗಿನಿಂದ ಬಂದ ಹಸಿರು ಅಂಚಿನ ಸೀರೆ ಮಗಳಿಗೆ ಒಪ್ಪಿತು. ನನಗೂ ಒಪ್ಪಿತು, ಸುಳ್ಳು ಯಾಕೆ ಹೇಳಲಿ. ತಟ್ಟೆ ಬಂತು. ನಾನು ತಲೆಗೂದಲು ಸರಿಮಾಡಿಕೊಂಡು, ಸೆರಗು ಹೊದ್ದು, ಎದ್ದು ನಿಂತೆ. ಯಜಮಾನರು ಕಷ್ಟಪಟ್ಟು ಎದ್ದು, ತಟ್ಟೆ ಎತ್ತಿ, "ಮದುಮಗಳ ತಾಯಿ ತಗೊಳ್ಳಿ" ಎನ್ನುತ್ತಾ ಅದನ್ನು ನನ್ನ ಓರಗಿತ್ತಿಯ ಮುಂದೆ ಹಿಡಿದರು.

ಅವಳು ನಾನಲ್ಲ ಅನ್ನಲಿಲ್ಲ. ತಟ್ಟೆಗೆ ಕೈಯೊಡ್ಡಿದಳು. ಬೆರಳಿಗೆ ಅರಿಶಿನ ಮುಟ್ಟಿಸಿಕೊಂಡು ಸೆರಗಿನ ಮೂಲೆಗೆ ಹಚ್ಚಿಯೇ ಬಿಟ್ಟಳು. ಮಗಳು ಮೆಲ್ಲಗೆ "ದೊಡ್ಡಮ್ಮ" ಅಂದಳು. ಆಗ ಅವಳ ಕೈ ನಿಂತಿತು.

"ತಾಯಿ ನಾನು" ಅಂದೆ. ನನ್ನ ದನಿ ಬೀದಿಗೆ ಕೇಳಿಸಿರಬೇಕು.

ಆಮೇಲೆ ನನಗೆ ನಡೆದ ಉಪಚಾರ ಹೇಳತೀರದು. ಕುರ್ಚಿ ಬಂತು, ಫ್ಯಾನು ನನ್ನ ಕಡೆ ತಿರುಗಿತು, ಮತ್ತೊಂದು ಕಾಫಿ ಬಂತು. ಯಜಮಾನರು ಸೀರೆಯ ಇನ್ನೊಂದು ತುದಿ ಬಿಡಿಸಿ, "ಎರಡು ಕಡೆ ಬಿದ್ರೆ ಇನ್ನೂ ಶ್ರೇಷ್ಠ ತಾಯಿ" ಎಂದು ನನ್ನಿಂದಲೂ ಅರಿಶಿನ ಹಚ್ಚಿಸಿದರು. ವ್ಯಾಪಾರಸ್ಥರ ನಾಲಿಗೆ. ಆದರೆ ಸೆರಗಿನ ತುದಿ ಎಲ್ಲರಿಗೂ ಕಾಣುತ್ತದೆ. ಇನ್ನೊಂದು ತುದಿ ಉಡುವಾಗ ಮೊದಲೇ ಸೊಂಟಕ್ಕೆ ಸೇರಿಹೋಗುತ್ತದೆ. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಓರಗಿತ್ತಿ ಚಪ್ಪಲಿ ಬಿಡುವ ಜಾಗದಲ್ಲಿ ಹೋಗಿ ನಿಂತಿದ್ದಳು. ಯಾರೂ ಅವಳನ್ನು ಕೂತುಕೊಳ್ಳಿ ಅನ್ನಲಿಲ್ಲ. ಅವಳಿಗೆ ಇಬ್ಬರೂ ಗಂಡುಮಕ್ಕಳು, ಆ ತಟ್ಟೆ ಯಾವ ಅಂಗಡಿಯಲ್ಲೂ ಅವಳ ಕೈಗೆ ಬರುವುದಿಲ್ಲ. ಅದು ನನಗೆ ಆಗಲೇ ಹೊಳೆಯಿತು. ಹೊಳೆದರೂ ನನ್ನ ಉರಿ ಇಳಿಯಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ, "ಕೈ ತಾನಾಗೇ ಮುಂದೋಯ್ತು ಕಣೇ" ಅಂದಳು. 

ಮದುವೆಯ ದಿನ ಮಗಳಿಗೆ ಸೀರೆ ಉಡಿಸಿದವಳು ಅವಳೇ. ನಮ್ಮ ಮನೆಯಲ್ಲಿ ಅವಳಷ್ಟು ನೀಟಾಗಿ ನೆರಿಗೆ ಹಿಡಿಯುವವರಿಲ್ಲ, ಅದಕ್ಕೂ ನನಗೆ ಹೊಟ್ಟೆಕಿಚ್ಚೇ. ನಾನು ಛತ್ರದ ಕೋಣೆಯ ಗೋಡೆಗೆ ಒರಗಿ ನೋಡುತ್ತಿದ್ದೆ. ನನ್ನ ಅರಿಶಿನದ ತುದಿ ಸೊಂಟದೊಳಗೆ ಹೋಯಿತು. ಸೆರಗಿಗೆ ಬಂದಾಗ ಅವಳು ತನ್ನ ಹಳದಿ ಮೂಲೆಯನ್ನು ಒಳಮುಖವಾಗಿ ಮಡಿಸಿ, ಹೊರಗೆ ಒಂದು ಚುಕ್ಕೆಯೂ ಕಾಣದ ಹಾಗೆ ಪಿನ್ ಹಾಕಿದಳು.  ನನ್ನ ಕಡೆ ನೋಡಲಿಲ್ಲ.

ತಡೆಯಲಾಗಲಿಲ್ಲ ನನಗೆ. ಅಂಗಡಿಯವರೆಲ್ಲ ಅವಳವರು, ಸರಿ. ಒಳ್ಳೆಯತನವೂ ಅವಳ ಪಾಲಿಗೇ ಹೋಗಬೇಕೇ? ಹತ್ತಿರ ಹೋಗಿ ಪಿನ್ ತೆಗೆದೆ. ಮಡಿಕೆ ಬಿಡಿಸಿ, ಅವಳ ಅರಿಶಿನದ ಮೂಲೆಯನ್ನು ಹೊರಗೆಳೆದು ಬಿಟ್ಟೆ.

"ಅದು ಬ್ಯಾಡ ಅಕ್ಕ. ಹಿಂಗೇ ಇರ್ಲಿ" ಅಂದೆ.

ಅವಳ ಕಣ್ಣು ತುಂಬಿತು. ತಿರುಗಿ ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಒಂದು ಸ್ಟೂಲು ಹಿಡಿದುಕೊಂಡು ಬಂದು ನನ್ನ ಹಿಂದೆ ಇಟ್ಟಳು. "ಕುಂತ್ಕೋ. ಬೆಳಗ್ಗಿಂದ ನಿಂತೇ ಇದ್ದೀಯ" ಅಂದಳು. ನಾನು ಕೂತೆ. ಮುಹೂರ್ತದ ಹೊತ್ತು, ಛತ್ರದಲ್ಲಿ ಹಿರಿಯರಿಗೇ ಕುರ್ಚಿ ಸಾಲದೆ ಜನ ನಿಂತಿದ್ದರು. ಅವಳು ಕೇಳಿದರೆ ಮಾತ್ರ ಅದೆಲ್ಲಿಂದ ಸಿಗುತ್ತದೋ.